ಪೋಸ್ಟ್‌ಪೋನ್ ಎಲ್ಲಿ, ಡಿಲೇ ಎಲ್ಲಿ: ಇಂಗ್ಲಿಷ್‌ನಲ್ಲಿ ಮುಂದೂಡುವವರಿಗೆ ಒಂದು ಕೈಪಿಡಿ

ಕನ್ನಡದಲ್ಲಿ ಪರೀಕ್ಷೆಯನ್ನು ಮುಂದೂಡುತ್ತೇವೆ, ಮದುವೆಯನ್ನು ಮುಂದೂಡುತ್ತೇವೆ. ಕೋರ್ಟು ವಿಚಾರಣೆಯನ್ನು ಮುಂದೂಡುತ್ತದೆ, ಸಭಾಧ್ಯಕ್ಷರು ಕಲಾಪವನ್ನು ಮುಂದೂಡುತ್ತಾರೆ, ಬ್ಯಾಂಕು ಸಾಲದ ಕಂತನ್ನು ಮುಂದೂಡುತ್ತದೆ. ಒಂದೇ ಕ್ರಿಯಾಪದ ಎಲ್ಲಕ್ಕೂ ಒದಗುತ್ತದೆ. ಇಂಗ್ಲಿಷ್‌ನಲ್ಲಿ ಈ ಕೆಲಸವನ್ನು ನಾಲ್ಕೈದು ಪದಗಳು ಪಾಲು ಹಾಕಿಕೊಂಡಿವೆ. ನಾವು ಶಾಲೆಯಲ್ಲಿ ಕಲಿತ ‘ಪೋಸ್ಟ್‌ಪೋನ್’ ಒಂದನ್ನೇ ಎಲ್ಲ ಕಡೆ ಹಾಕುತ್ತ ಬಂದಿರುವುದರಿಂದ ಕಚೇರಿಯ ಪತ್ರ, ಕಾಲೇಜಿನ ಸೂಚನಾ ಫಲಕ, ಮದುವೆಮನೆಯ ಸಂದೇಶ ಎಲ್ಲದರಲ್ಲೂ ಅದೇ ನಾಲ್ಕೈದು ತಪ್ಪುಗಳು ಮರುಕಳಿಸುತ್ತವೆ. ಅವನ್ನು ತಿದ್ದಿಕೊಳ್ಳಲು ವ್ಯಾಕರಣದ ದಪ್ಪ ಪುಸ್ತಕವೇನೂ ಬೇಡ. ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಸಾಕು.

ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ, ಬಾಯಿಗೆ ಬೇಗ ಕೂರುತ್ತವೆ.

ಮೊದಲು ಮೂರು ಪ್ರಶ್ನೆ

‘ಪೋಸ್ಟ್‌ಪೋನ್’ ಲ್ಯಾಟಿನ್ ಮೂಲದ ಪದ. ‘ಪೋಸ್ಟ್’ ಎಂದರೆ ನಂತರ, ‘ಪೋನೆರೆ’ ಎಂದರೆ ಇಡು. ಇಲ್ಲಿನ ಪೋಸ್ಟ್‌ಗೂ ಅಂಚೆಗೂ ಸಂಬಂಧವಿಲ್ಲ. ‘ಪೋಸ್ಟ್‌ಮಾರ್ಟಂ’ನಲ್ಲಿ ಇರುವುದು, ಗಡಿಯಾರದ ‘ಪಿ.ಎಂ.’ನ ಪಿ ಅಕ್ಷರದಲ್ಲಿ ಅಡಗಿರುವುದು ಇದೇ ಪೋಸ್ಟ್. ನಂತರಕ್ಕೆ ಎತ್ತಿಡುವುದು ಎಂಬ ಅರ್ಥದಲ್ಲಿಯೇ ಅದರ ಷರತ್ತುಗಳೂ ಇವೆ. ಎತ್ತಿಡುವ ಒಬ್ಬರು ಇರಬೇಕು, ಎತ್ತಿಡಬೇಕಾದ ವಸ್ತು ಮೊದಲೇ ಒಂದು ಜಾಗದಲ್ಲಿ ಇರಬೇಕು.

ಆದ್ದರಿಂದ ಹೀಗೆ ಕೇಳಿಕೊಳ್ಳಿ. ಈ ಕಾರ್ಯಕ್ರಮಕ್ಕೆ ಮೊದಲೇ ದಿನ ಅಥವಾ ಹೊತ್ತು ಗೊತ್ತುಮಾಡಿದ್ದರೇ? ಅದನ್ನು ಬದಲಿಸಲು ಯಾರಾದರೂ ತೀರ್ಮಾನ ಮಾಡಿದರೇ? ಅದು ಇನ್ನೂ ಶುರುವಾಗಿಲ್ಲವೇ? ಮೂರಕ್ಕೂ ‘ಹೌದು’ ಎಂದಾದರೆ ‘ಪೋಸ್ಟ್‌ಪೋನ್’ ಕಣ್ಣುಮುಚ್ಚಿ ಬಳಸಿ. ಯಾರೂ ತೀರ್ಮಾನಿಸದೆ ತಾನಾಗಿ ತಡವಾಗಿದ್ದರೆ ಅದು ‘ಡಿಲೇ’. ಶುರುವಾಗಿ ನಡುವೆ ನಿಂತಿದ್ದರೆ ‘ಅಡ್ಜರ್ನ್’ ಅಥವಾ ‘ಸಸ್ಪೆಂಡ್’.

ಇನ್ನೊಂದು ಮಾತು: ಪೋಸ್ಟ್‌ಪೋನ್ ಆದದ್ದು ಮುಂದೆ ನಡೆಯುತ್ತದೆ ಎಂಬ ಭರವಸೆ ಪದದಲ್ಲೇ ಇದೆ. ಟೋಕಿಯೊ ಒಲಿಂಪಿಕ್ಸ್ 2020ರ ಜುಲೈ 24ಕ್ಕೆ ಶುರುವಾಗಬೇಕಿತ್ತು. ಕೊರೊನಾ ಬಂದ ಮೇಲೆ ಮಾರ್ಚ್ 24ರಂದು ಅದನ್ನು ಪೋಸ್ಟ್‌ಪೋನ್ ಮಾಡಿದರು; 2021ರ ಜುಲೈ 23ರಂದು ಉದ್ಘಾಟನೆಯಾಯಿತು. ಹೆಸರು ಮಾತ್ರ ‘ಟೋಕಿಯೊ 2020’ ಎಂದೇ ಉಳಿಯಿತು. ಮಹಾಯುದ್ಧಗಳ ಕಾಲದ 1916, 1940 ಮತ್ತು 1944ರ ಕ್ರೀಡಾಕೂಟಗಳು ನಡೆಯಲೇ ಇಲ್ಲ, ಅವು ‘ಕ್ಯಾನ್ಸಲ್ಡ್’. ಎರಡಕ್ಕೂ ಒಂದೇ ಪದ ಹಾಕುವ ಸಂಘಟಕರು ಟಿಕೆಟ್ ಕೊಂಡವರ ಶಾಪಕ್ಕೆ ಗುರಿಯಾಗುತ್ತಾರೆ: ಹಣ ವಾಪಸ್ ಕೇಳಬೇಕೇ, ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಬೇಕೇ ಎಂಬುದು ಆ ಒಂದು ಪದದ ಮೇಲೆ ನಿಂತಿರುತ್ತದೆ.

ಡಿಲೇ: ತಾನಾಗಿ ಆಗುವ ತಡ

ರೈಲು ಪೋಸ್ಟ್‌ಪೋನ್ ಆಗುವುದಿಲ್ಲ. ಮೈಸೂರಿನಿಂದ ಬರುವ ಗಾಡಿ ಎಲ್ಲೋ ಸಿಗ್ನಲ್ ಸಿಗದೆ ನಿಂತು ನಲವತ್ತು ನಿಮಿಷ ತಡವಾದರೆ ‘ದ ಟ್ರೇನ್ ಈಸ್ ಡಿಲೇಡ್ ಬೈ ಫಾರ್ಟಿ ಮಿನಿಟ್ಸ್’. ಹೊರಡುವ ನಿಲ್ದಾಣದಿಂದಲೇ ಹೊಸ ಸಮಯಕ್ಕೆ ಬಿಡುವುದೆಂದು ರೈಲ್ವೆ ತೀರ್ಮಾನಿಸಿದರೆ ಆ್ಯಪ್‌ನಲ್ಲಿ ‘ರಿಶೆಡ್ಯೂಲ್ಡ್’ ಎಂದು ತೋರಿಸುತ್ತದೆ. ದಾರಿಯಲ್ಲಿ ಆಗುವ ತಡ ಬೇರೆ, ಹೊರಡುವ ಮೊದಲೇ ಮಾಡುವ ಬದಲಾವಣೆ ಬೇರೆ. ಈ ವ್ಯತ್ಯಾಸವನ್ನು ರೈಲ್ವೆಯವರು ಪಾಲಿಸುವಷ್ಟು ಚೆನ್ನಾಗಿ ಎಷ್ಟೋ ಕಚೇರಿಗಳು ಪಾಲಿಸುವುದಿಲ್ಲ.

ಮಳೆ ಬಂದರೆ ‘ರೇನ್ ಡಿಲೇಡ್ ದ ಮ್ಯಾಚ್’ ಸರಿ. ‘ರೇನ್ ಪೋಸ್ಟ್‌ಪೋನ್ಡ್ ದ ಮ್ಯಾಚ್’ ಎಂದರೆ ಮಳೆರಾಯ ಸಭೆ ಸೇರಿಸಿ ನಿರ್ಣಯ ಮಾಡಿದಂತೆ ಕೇಳುತ್ತದೆ. ಹಾಗೆಯೇ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವರು ‘ಐ ವಾಸ್ ಡಿಲೇಡ್’ ಎನ್ನಬಹುದು. ಮನುಷ್ಯರು ಪೋಸ್ಟ್‌ಪೋನ್ ಆಗುವುದಿಲ್ಲ.

‘ಡಿಲೇ’ ನಾಮಪದವೂ ಹೌದು, ಅದೊಂದು ದೊಡ್ಡ ಅನುಕೂಲ. ತಡವಾಗಿ ಉತ್ತರಿಸಿದಾಗ ನಮ್ಮವರು ಬರೆಯುವ ‘ಸಾರಿ ಫಾರ್ ದ ಲೇಟ್’ ತಪ್ಪು; ‘ಸಾರಿ ಫಾರ್ ದ ಡಿಲೇ’ ಸರಿ. ತಡಮಾಡದೆ ಎನ್ನಲು ‘ವಿದೌಟ್ ಡಿಲೇ’. ‘ಪೋಸ್ಟ್‌ಪೋನ್’ ಬರೀ ಕ್ರಿಯಾಪದ, ನಾಮಪದ ಬೇಕಾದರೆ ‘ಪೋಸ್ಟ್‌ಪೋನ್‌ಮೆಂಟ್’ ಎನ್ನಬೇಕು.

ಒಂದು ಐಪಿಎಲ್, ಹಲವು ಕ್ರಿಯಾಪದ

ಈ ಪದಗಳ ನಡುವಿನ ಗೆರೆಗಳು ಒಂದೇ ಕಡೆ ಕಾಣಬೇಕಾದರೆ 2025ರ ಐಪಿಎಲ್‌ಗಿಂತ ಒಳ್ಳೆಯ ಪಾಠವಿಲ್ಲ. ಆರ್‌ಸಿಬಿ ಅಭಿಮಾನಿಗಳಿಗಂತೂ ದಿನಾಂಕಗಳು ಬಾಯಿಪಾಠವಿರುತ್ತವೆ.

ಮೇ 8ರಂದು ಧರ್ಮಶಾಲಾದಲ್ಲಿ ಪಂಜಾಬ್ ಮತ್ತು ಡೆಲ್ಲಿ ತಂಡಗಳ ಪಂದ್ಯ ಅರ್ಧದಲ್ಲೇ ನಿಂತಿತು. ಪ್ರೇಕ್ಷಕರನ್ನು ಹೊರಗೆ ಕಳುಹಿಸಿದರು. ಅಂದು ರಾತ್ರಿ ಆಟ ಮುಂದುವರಿಯುವ ಮಾತೇ ಇರಲಿಲ್ಲ. ಇದು ‘ಕಾಲ್ಡ್ ಆಫ್’ ಅಥವಾ ‘ಅಬ್ಯಾಂಡನ್ಡ್’. ಮರುದಿನ ಇಡೀ ಟೂರ್ನಿಯನ್ನು ಒಂದು ವಾರದ ಮಟ್ಟಿಗೆ ನಿಲ್ಲಿಸುವುದಾಗಿ ಬಿಸಿಸಿಐ ಪ್ರಕಟಿಸಿತು. ಟೂರ್ನಿ ಶುರುವಾಗಿ ಹೋಗಿತ್ತು, ಆದ್ದರಿಂದ ಅದನ್ನು ಪೋಸ್ಟ್‌ಪೋನ್ ಮಾಡಲು ಬರುವುದಿಲ್ಲ. ‘ಸಸ್ಪೆಂಡೆಡ್ ಫಾರ್ ಎ ವೀಕ್’. ಮೇ 25ಕ್ಕೆ ಕೋಲ್ಕತ್ತದಲ್ಲಿ ನಡೆಯಬೇಕಿದ್ದ ಫೈನಲ್ ಜೂನ್ 3ಕ್ಕೆ ಹೋಯಿತು, ಕೊನೆಗೆ ಅಹಮದಾಬಾದ್‌ನಲ್ಲಿ ನಡೆಯಿತು. ಫೈನಲ್ ಇನ್ನೂ ಶುರುವಾಗದ ಒಂದು ಪಂದ್ಯ, ದಿನ ಗೊತ್ತಿತ್ತು, ತೀರ್ಮಾನ ಮಂಡಳಿಯದು. ಇದು ಅಚ್ಚುಕಟ್ಟಾದ ‘ಪೋಸ್ಟ್‌ಪೋನ್ಡ್’.

ಮೇ 17ರಂದು ಟೂರ್ನಿ ಮತ್ತೆ ಶುರುವಾಗಬೇಕಿದ್ದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಬೆಂಗಳೂರು ಮತ್ತು ಕೋಲ್ಕತ್ತ ನಡುವಿನ ಪಂದ್ಯದಿಂದ. ಮಳೆ ಬಿಡಲಿಲ್ಲ. ಮೊದಲು ಟಾಸ್ ತಡವಾಯಿತು: ‘ದ ಟಾಸ್ ವಾಸ್ ಡಿಲೇಡ್’. ಕಾದು ಕಾದು ಒಂದು ಎಸೆತವೂ ಇಲ್ಲದೆ ಪಂದ್ಯವನ್ನು ಕೈಬಿಟ್ಟರು: ‘ಅಬ್ಯಾಂಡನ್ಡ್ ವಿದೌಟ್ ಎ ಬಾಲ್ ಬೋಲ್ಡ್’. ಇಲ್ಲಿ ತಂಡಗಳು ಅಂಕ ಹಂಚಿಕೊಂಡು ಮನೆಗೆ ಹೋದವು, ಇನ್ನೊಂದು ದಿನ ಆಡುವ ಪ್ರಶ್ನೆ ಬರಲಿಲ್ಲ. ಧರ್ಮಶಾಲಾದ ಪಂದ್ಯವನ್ನಾದರೋ ಮೇ 24ರಂದು ಜೈಪುರದಲ್ಲಿ ಮೊದಲಿನಿಂದ ಆಡಿಸಿದರು, ಅದಕ್ಕೆ ‘ರೀಪ್ಲೇಡ್’. ಕ್ರಿಕೆಟ್ ಬರೆಯುವವರು ಈ ಪದಗಳನ್ನು ಬೆರಕೆ ಮಾಡಿದರೆ ಓದುಗನಿಗೆ ಅಂಕಪಟ್ಟಿಯೇ ಅರ್ಥವಾಗುವುದಿಲ್ಲ.

ಕೋರ್ಟು, ವಿಧಾನಸಭೆ, ಬ್ಯಾಂಕು

ಕೂತಿರುವ ಸಭೆ ಏಳುವುದಕ್ಕೆ ‘ಅಡ್ಜರ್ನ್’. ಕೋರ್ಟಿಗೆ ಅಲೆದವರಿಗೆ ಈ ಪದ ಹೊಸದಲ್ಲ; ವಕೀಲರು ಹೊರಬಂದು ‘ಇನ್ನೊಂದು ಡೇಟ್ ಕೊಟ್ಟರು’ ಎನ್ನುತ್ತಾರಲ್ಲ, ಅದೇ ‘ಅಡ್ಜರ್ನ್‌ಮೆಂಟ್’. ದಾವೆಯ ವಿಚಾರಣೆಯ ಹೊತ್ತಿನಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ಇದನ್ನು ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಹೇಳುತ್ತದೆ. ಆಸ್ತಿ ವ್ಯಾಜ್ಯದಲ್ಲಿ ಚಪ್ಪಲಿ ಸವೆಸಿದವರು ಇದನ್ನು ಓದಿ ನಕ್ಕರೆ ತಪ್ಪು ನನ್ನದಲ್ಲ.

ವಿಧಾನಸಭೆಯಲ್ಲಿಯೂ ಇದೇ ಪದ. ಗದ್ದಲದಿಂದಾಗಿ ಅರ್ಧ ಗಂಟೆ ಮುಂದೂಡಿದರೂ ‘ಅಡ್ಜರ್ನ್’, ನಾಳೆಗೆ ಮುಂದೂಡಿದರೂ ‘ಅಡ್ಜರ್ನ್’. ಪತ್ರಿಕೆಗಳಲ್ಲಿ ‘ಅನಿರ್ದಿಷ್ಟಾವಧಿಗೆ ಮುಂದೂಡಿಕೆ’ ಎಂದು ಬರುವುದಕ್ಕೆ ಇಂಗ್ಲಿಷ್‌ನವರು ಲ್ಯಾಟಿನ್‌ನ ‘ಸೈನಿ ಡೈ’ ಸೇರಿಸುತ್ತಾರೆ, ಮತ್ತೆ ಸೇರುವ ದಿನ ಗೊತ್ತುಮಾಡದೆ ಎಂದು ಅದರ ಅರ್ಥ. ಇವೆಲ್ಲ ಸಭಾಧ್ಯಕ್ಷರ ಅಧಿಕಾರ. ಅಧಿವೇಶನವನ್ನೇ ಮುಗಿಸುವ ‘ಪ್ರೊರೋಗ್’ ಸಂವಿಧಾನದ 174ನೇ ವಿಧಿಯಂತೆ ರಾಜ್ಯಪಾಲರದು. ಇನ್ನು ‘ಟೇಬಲ್’ ಎಂಬ ಕ್ರಿಯಾಪದದ ಬಗ್ಗೆ ಎಚ್ಚರ: ನಮ್ಮಲ್ಲೂ ಬ್ರಿಟನ್‌ನಲ್ಲೂ ಮಸೂದೆಯನ್ನು ಟೇಬಲ್ ಮಾಡುವುದೆಂದರೆ ಮಂಡಿಸುವುದು, ಅಮೆರಿಕದಲ್ಲಿ ಅದನ್ನು ಸದ್ಯಕ್ಕೆ ಬದಿಗೆ ಸರಿಸುವುದು. ಅಮೆರಿಕದ ಸಹೋದ್ಯೋಗಿ ‘ಲೆಟ್ಸ್ ಟೇಬಲ್ ಇಟ್’ ಎಂದರೆ ಕಡತ ಬಿಚ್ಚಬೇಡಿ, ಮುಚ್ಚಿ.

ಹಣ, ಪ್ರವೇಶ, ನಿರ್ಧಾರ ಇವಕ್ಕೆ ‘ಡಿಫರ್’ ಒಪ್ಪುತ್ತದೆ. ಅದು ಗಂಭೀರ ಪದ, ಕಾಗದಪತ್ರದ ಪದ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೂರು ತಿಂಗಳ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿತು, ಬಳಿಕ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತುಗಳು ‘ಡಿಫರ್ಡ್’ ಆದವು. ಬಹಳ ಮಂದಿ ಅದನ್ನು ಮನ್ನಾ ಎಂದೇ ತಿಳಿದರು. ಮನ್ನಾಕ್ಕೆ ಇಂಗ್ಲಿಷ್‌ನಲ್ಲಿ ‘ವೇವ್’ ಎಂಬ ಬೇರೆಯೇ ಪದವಿದೆ. ಡಿಫರ್ ಆದ ಕಂತಿನ ಬಾಕಿಯ ಮೇಲೆ ಬಡ್ಡಿ ಓಡುತ್ತಲೇ ಇತ್ತು, ಬಡ್ಡಿಯ ಮೇಲಿನ ಬಡ್ಡಿಯ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬ್ಯಾಂಕಿನ ಪತ್ರದಲ್ಲಿ ಈ ಎರಡು ಪದಗಳಲ್ಲಿ ಯಾವುದಿದೆ ಎಂದು ನೋಡಿದ ಮೇಲೆಯೇ ಖುಷಿಪಡಿ.

ಕೊನೆಯ ದಿನಾಂಕದ ವಿಚಾರದಲ್ಲಿ ಇವು ಯಾವುವೂ ಬೇಡ. ಅರ್ಜಿ ಸಲ್ಲಿಸುವ ಅವಧಿ ಹೆಚ್ಚಿಸಿದರೆ ‘ದ ಲಾಸ್ಟ್ ಡೇಟ್ ಹ್ಯಾಸ್ ಬೀನ್ ಎಕ್ಸ್‌ಟೆಂಡೆಡ್’. ಪರೀಕ್ಷೆ ಪೋಸ್ಟ್‌ಪೋನ್ ಆಗುತ್ತದೆ, ಅರ್ಜಿಯ ಗಡುವು ಎಕ್ಸ್‌ಟೆಂಡ್ ಆಗುತ್ತದೆ.

ಮನೆಮಾತಿನ ‘ಪುಟ್ ಆಫ್’

ಸ್ನೇಹಿತರಿಗೆ ಬರೆಯುವಾಗ ‘ಪೋಸ್ಟ್‌ಪೋನ್’ ಸ್ವಲ್ಪ ಇಸ್ತ್ರಿ ಹಾಕಿದಂತಿರುತ್ತದೆ. ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಬರುವುದು ‘ಪುಟ್ ಆಫ್’. ಹಲ್ಲು ನೋಯುತ್ತಿದ್ದರೂ ಡಾಕ್ಟರ ಬಳಿ ಹೋಗದವರು ‘ಐ ಕೀಪ್ ಪುಟಿಂಗ್ ಇಟ್ ಆಫ್’ ಎನ್ನುತ್ತಾರೆ. ‘ಇಟ್’ ನಡುವೆ ಬಂದದ್ದನ್ನು ಗಮನಿಸಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ನಡೆಯುತ್ತವೆ, ಆದರೆ ಸರ್ವನಾಮ ಬಂದಾಗ ಅದು ನಡುವೆಯೇ ಕೂರಬೇಕು. ‘ಪುಟ್ ಆಫ್ ಇಟ್’ ಎಂಬುದಿಲ್ಲ.

ಈ ಪದಕ್ಕೆ ಪೋಸ್ಟ್‌ಪೋನ್‌ಗೆ ಇಲ್ಲದ ಇನ್ನೊಂದು ಶಕ್ತಿ ಇದೆ: ಮನುಷ್ಯರನ್ನೂ ಇದರಿಂದ ಸಾಗಹಾಕಬಹುದು. ಬಾಕಿ ಕೇಳಲು ಬಂದವನಿಗೆ ಏನೋ ನೆಪ ಹೇಳಿ ಕಳುಹಿಸುವುದು ‘ಪುಟಿಂಗ್ ಹಿಮ್ ಆಫ್’. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗಬೇಕು, ಮರುದಿನ ಬಂದಾಗಲೂ ಅದೇ ಬರಹವನ್ನೇ ಓದಬೇಕು ಎಂಬುದು ಉಪಾಯ. ಇಂಗ್ಲಿಷ್‌ನಲ್ಲಿ ಹೇಳುವುದಾದರೆ ‘ದೇ ಪುಟ್ ದ ಗೋಸ್ಟ್ ಆಫ್’. ದೆವ್ವವನ್ನು ಪೋಸ್ಟ್‌ಪೋನ್ ಮಾಡಲು ಬರುವುದಿಲ್ಲ, ಅದಕ್ಕೆ ಯಾರೂ ಅಪಾಯಿಂಟ್‌ಮೆಂಟ್ ಕೊಟ್ಟಿರಲಿಲ್ಲವಲ್ಲ. ಹೇವರಿಕೆ ಹುಟ್ಟಿಸುವುದು ಎಂಬ ಅರ್ಥವೂ ಇದೇ ಪದಕ್ಕಿದೆ: ‘ದ ಸ್ಮೆಲ್ ಪುಟ್ ಮಿ ಆಫ್’ ಎಂದರೆ ವಾಸನೆಗೆ ತಿನ್ನುವ ಮನಸ್ಸೇ ಹೋಯಿತು ಎಂದು.

ಕೆಲಸವನ್ನು ಸುಮ್ಮನೆ ನಾಳೆ ನಾಳೆ ಎನ್ನುತ್ತ ಕಾಲ ತಳ್ಳುವುದು ‘ಪ್ರೊಕ್ರಾಸ್ಟಿನೇಟ್’. ಲ್ಯಾಟಿನ್‌ನಲ್ಲಿ ‘ಕ್ರಾಸ್’ ಎಂದರೆ ನಾಳೆ, ಅದು ಈ ಪದದ ಹೊಟ್ಟೆಯಲ್ಲೇ ಕುಳಿತಿದೆ. ಇದು ಸ್ವಭಾವದ ಮಾತು. ಮೇಲಧಿಕಾರಿಗೆ ‘ಐ ಪ್ರೊಕ್ರಾಸ್ಟಿನೇಟೆಡ್’ ಎಂದು ಬರೆದರೆ ಸೋಮಾರಿತನ ಒಪ್ಪಿಕೊಂಡಂತೆ.

ವಾಕ್ಯ ಕಟ್ಟುವಾಗ

ಪೋಸ್ಟ್‌ಪೋನ್, ಪುಟ್ ಆಫ್, ಡಿಲೇ, ಡಿಫರ್ ಈ ನಾಲ್ಕರ ಮುಂದೆ ಇನ್ನೊಂದು ಕ್ರಿಯೆ ಬಂದರೆ ಅದಕ್ಕೆ ‘ಇಂಗ್’ ಹಚ್ಚಬೇಕು. ‘ದೇ ಪೋಸ್ಟ್‌ಪೋನ್ಡ್ ಬೈಯಿಂಗ್ ದ ಸೈಟ್’ ಸರಿ, ‘ಪೋಸ್ಟ್‌ಪೋನ್ಡ್ ಟು ಬೈ’ ತಪ್ಪು. ‘ಕೊಳ್ಳುವುದನ್ನು ಮುಂದೂಡಿದರು’ ಎಂಬ ನಮ್ಮ ವಾಕ್ಯದ ‘ಕೊಳ್ಳುವುದು’ ಎಂಬ ರೂಪಕ್ಕೆ ಸರಿಜೋಡಿ ಈ ‘ಇಂಗ್’. ಹಾಗೆಂದು ನೆನಪಿಟ್ಟುಕೊಂಡರೆ ಎಡವುವುದಿಲ್ಲ.

ಹೊಸ ದಿನಕ್ಕೆ ‘ಟು’ ಅಥವಾ ‘ಅಂಟಿಲ್’, ಎಷ್ಟು ಕಾಲ ಎಂಬುದಕ್ಕೆ ‘ಬೈ’ ಅಥವಾ ‘ಫಾರ್’. ಆಷಾಢ ಬಂತೆಂದು ಗೃಹಪ್ರವೇಶ ಮುಂದೂಡಿದವರು ‘ವಿ ಹ್ಯಾವ್ ಪೋಸ್ಟ್‌ಪೋನ್ಡ್ ದ ಹೌಸ್‌ವಾರ್ಮಿಂಗ್ ಅಂಟಿಲ್ ಶ್ರಾವಣ’ ಎಂದು ಬರೆಯಲಿ. ದಿನ ಗೊತ್ತಾಗಿದ್ದರೆ ‘ಟು’ ಹಾಕಿ ದಿನಾಂಕ ಕೊಡಲಿ. ಒಂದು ವಾರ ಹೋದರೆ ‘ಬೈ ಎ ವೀಕ್’. ದಿನವೇ ಗೊತ್ತಿಲ್ಲದಿದ್ದರೆ ‘ಇನ್‌ಡೆಫಿನಿಟ್ಲಿ’ ಅಥವಾ ‘ಅಂಟಿಲ್ ಫರ್ದರ್ ನೋಟಿಸ್’. ‘ದ ಮೀಟಿಂಗ್ ಆನ್ ಮಂಡೇ ಈಸ್ ಪೋಸ್ಟ್‌ಪೋನ್ಡ್’ ಎಂದು ಬರೆದರೆ ಸೋಮವಾರದ ಸಭೆ ಹೋಯಿತು ಎಂದಾಗುತ್ತದೆ. ಸಭೆ ಸೋಮವಾರಕ್ಕೆ ಹೋಗಿದ್ದರೆ ‘ಟು ಮಂಡೇ’ ಬೇಕೇ ಬೇಕು. ಸೂಚನಾ ಫಲಕಗಳಲ್ಲಿ ನಾನು ಅತಿ ಹೆಚ್ಚು ಕಾಣುವ ಎಡವಟ್ಟು ಇದೇ.

ಇನ್ನೊಂದು, ‘ದ ಎಕ್ಸಾಮ್ ಪೋಸ್ಟ್‌ಪೋನ್ಡ್’ ಎಂದು ನಿಲ್ಲಿಸುವುದು. ಪರೀಕ್ಷೆ ತನ್ನನ್ನು ತಾನು ಮುಂದೂಡಿಕೊಳ್ಳುವುದಿಲ್ಲ, ‘ಹ್ಯಾಸ್ ಬೀನ್ ಪೋಸ್ಟ್‌ಪೋನ್ಡ್’ ಎನ್ನಿ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ ಆ ಕಿರಿದು ರೂಪಕ್ಕೆ ಮಾಫಿ ಇದೆ. ‘ಪೋಸ್ಟ್‌ಪೋನ್ಡ್ ಟು ಎ ಲೇಟರ್ ಡೇಟ್’ ಎಂಬುದು ತಪ್ಪಲ್ಲ, ದಂಡ. ಪೋಸ್ಟ್‌ಪೋನ್ ಎಂದ ಮೇಲೆ ದಿನ ನಂತರದ್ದೇ ತಾನೆ. ಉಚ್ಚಾರಣೆಯಲ್ಲಿ ಒತ್ತು ‘ಪೋನ್’ ಮೇಲೆ, ಭೂತಕಾಲದ ಕೊನೆಯಲ್ಲಿ ಬರೀ ‘ಡ್’.

ಮುಂದೆ ಎಂದರೆ ಯಾವ ಕಡೆ?

ಕನ್ನಡಿಗರು ನಿಜವಾಗಿ ಜಾರುವ ಜಾಗ ಇದು. ನಾವು ಮುಂದಕ್ಕೆ ದೂಡಿದರೆ ಕಾರ್ಯಕ್ರಮ ತಡವಾಗುತ್ತದೆ. ಇಂಗ್ಲಿಷ್‌ನವರು ತಡಮಾಡುವುದಕ್ಕೆ ‘ಪುಶ್ ಬ್ಯಾಕ್’ ಎನ್ನುತ್ತಾರೆ, ಅಂದರೆ ಹಿಂದಕ್ಕೆ ತಳ್ಳುತ್ತಾರೆ. ಬೇಗ ನಡೆಸುವುದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಎಂದು ಮುಂದಕ್ಕೆ ತರುತ್ತಾರೆ. ದಿಕ್ಕು ಪೂರ್ತಿ ತಿರುವುಮುರುವು. ‘ಮುಂದೂಡಿದ್ದೇವೆ’ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ‘ವಿ ಹ್ಯಾವ್ ಮೂವ್ಡ್ ಇಟ್ ಫಾರ್ವರ್ಡ್’ ಎಂದು ಬರೆದರೆ ಲಂಡನ್ನಿನ ಗ್ರಾಹಕ ಎರಡು ದಿನ ಮೊದಲೇ ಬಂದು ಕುಳಿತಿರುತ್ತಾನೆ.

ಇಂಗ್ಲಿಷ್ ಮಾತೃಭಾಷೆಯವರಿಗೂ ಈ ‘ಫಾರ್ವರ್ಡ್’ ಗೊಂದಲವೇ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದರೆ ಅದು ಯಾವ ದಿನ ಎಂದು ಸಂಶೋಧಕರು ಕೇಳಿ ನೋಡಿದ್ದಾರೆ. ಸೋಮವಾರ ಎನ್ನುವವರೂ ಇದ್ದರು, ಶುಕ್ರವಾರ ಎನ್ನುವವರೂ ಇದ್ದರು. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲಿಯೂ ಕೇಳಿದರು. ಯಾರನ್ನೋ ಕರೆದೊಯ್ಯಲು ಬಂದು ನಿಂತವರಿಗಿಂತ ಆಗಷ್ಟೇ ವಿಮಾನದಿಂದ ಇಳಿದವರು ಶುಕ್ರವಾರ ಎನ್ನುವುದು ಹೆಚ್ಚಾಗಿತ್ತು. ತಾವು ಮುಂದೆ ಸಾಗಿ ಬಂದವರಿಗೆ ಸಭೆಯೂ ತಮ್ಮಂತೆಯೇ ಸಾಗಿದಂತೆ ತೋರಿತು. ಕೆಲಸದ ಸಂದೇಶದಲ್ಲಿ ಈ ಪದವನ್ನು ಮುಟ್ಟದಿರುವುದೇ ಕ್ಷೇಮ.

ಹಾಗಾದರೆ ಬೇಗ ನಡೆಸುವುದಕ್ಕೆ ಏನೆನ್ನಬೇಕು? ನಮ್ಮ ಬಾಯಲ್ಲಿ ‘ಪ್ರಿಪೋನ್’ ಸಿದ್ಧವಾಗಿದೆ. ಅದನ್ನು ತಪ್ಪು ಇಂಗ್ಲಿಷ್ ಎಂದು ಮೂಗು ಮುರಿಯುವವರ ಜೊತೆ ನನಗೆ ಜಗಳವಿದೆ. ಪೋಸ್ಟ್‌ಪೋನ್‌ಗೆ ಎದುರು ಪದವಾಗಿ ಅದಕ್ಕಿಂತ ಚೊಕ್ಕವಾದದ್ದು ಸಿಗದು, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿಯೂ ಅದಕ್ಕೆ ಜಾಗ ಸಿಕ್ಕಿದೆ. ಬೆಂಗಳೂರಿನಿಂದ ದೆಹಲಿಗೆ ಬರೆಯುವಾಗ ಧಾರಾಳವಾಗಿ ಬಳಸಿ. ಆದರೆ ಹೊರದೇಶದವರಿಗೆ ಅದು ಅರ್ಥವಾಗದು. ಬ್ರಿಟನ್‌ಗೆ ‘ಬ್ರಿಂಗ್ ಫಾರ್ವರ್ಡ್’, ಅಮೆರಿಕಕ್ಕೆ ‘ಮೂವ್ ಅಪ್’ ಎಂದು ಬರೆಯಿರಿ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ಈ ಒಂದನ್ನು ಮೊದಲ ವಾರವೇ ಕಲಿಯುವುದು ಒಳ್ಳೆಯದು.

ಸಂದೇಶ ಬರೆಯುವ ಕ್ರಮ

ಹಳೆಯ ದಿನ, ಹೊಸ ದಿನ ಎರಡನ್ನೂ ವಾರದ ಹೆಸರಿನೊಂದಿಗೆ ಬರೆಯಿರಿ. ಮೊದಲ ಸಾಲಿನಲ್ಲೇ ಬರೆಯಿರಿ, ಕಾರಣ ಆಮೇಲೆ ಬರಲಿ. ‘ವಿ ನೀಡ್ ಟು ಪೋಸ್ಟ್‌ಪೋನ್ ದ ರಿವ್ಯೂ ಫ್ರಂ ಥರ್ಸ್‌ಡೇ ದ ಟ್ವೆಲ್ತ್ ಟು ಮಂಡೇ ದ ಸಿಕ್ಸ್‌ಟೀನ್ತ್’ ಎಂಬ ಒಂದು ಸಾಲು ಫಾರ್ವರ್ಡ್, ಬ್ಯಾಕ್, ಪ್ರಿಪೋನ್ ಎಲ್ಲ ಗೊಂದಲವನ್ನೂ ಕತ್ತರಿಸುತ್ತದೆ. ಕಾರಣಕ್ಕೆ ಒಂದು ವಾಕ್ಯ ಸಾಕು. ಮಾವನವರ ಆಪರೇಷನ್ನಿನ ಪೂರ್ತಿ ವಿವರ ಯಾರಿಗೂ ಬೇಡ.

ನೀವು ಹೇಳುವವರೋ ಕೇಳುವವರೋ ಎಂಬುದರ ಮೇಲೆ ದನಿ ಬದಲಾಗುತ್ತದೆ. ಮೇಲಧಿಕಾರಿಗೆ ಅಥವಾ ಗ್ರಾಹಕರಿಗೆ ‘ಕೈಂಡ್ಲಿ ಪೋಸ್ಟ್‌ಪೋನ್’ ಎಂದರೆ ವಿನಯದ ಅಂಗಿ ತೊಟ್ಟ ಆಜ್ಞೆಯಂತೆ ಕೇಳುತ್ತದೆ. ‘ಕುಡ್ ವಿ ಪೋಸ್ಟ್‌ಪೋನ್ ಇಟ್ ಟು ಮಂಡೇ?’ ಎಂಬ ಪ್ರಶ್ನೆ ಸರಳ, ಮರ್ಯಾದೆಯದು. ಸ್ನೇಹಿತರಿಗಾದರೆ ‘ಕ್ಯಾನ್ ವಿ ಪುಟ್ ಇಟ್ ಆಫ್ ಟಿಲ್ ಮಂಡೇ?’ ಇನ್ನೂ ಎರಡು ಹೊತ್ತು ಸೂಚಿಸಿದರೆ ಎದುರಿನವರಿಗೆ ಒಪ್ಪಿಕೊಳ್ಳುವುದು ಸುಲಭ. ದಿನ ಬದಲಿಸಬೇಕು, ಆದರೆ ಮೊದಲೋ ನಂತರವೋ ಇನ್ನೂ ಗೊತ್ತಿಲ್ಲ ಎಂದಾದರೆ ‘ರಿಶೆಡ್ಯೂಲ್’ ಎನ್ನಿ, ಅದಕ್ಕೆ ದಿಕ್ಕಿನ ಹಂಗಿಲ್ಲ.

ಕ್ಯಾಲೆಂಡರ್‌ನಲ್ಲಿ ಆಹ್ವಾನ ಕಳುಹಿಸಿದ್ದರೆ ಹಳೆಯದನ್ನು ಅಳಿಸಬೇಡಿ, ಅದರಲ್ಲಿಯೇ ದಿನ ಬದಲಿಸಿ. ಅಳಿಸಿದರೆ ಎಲ್ಲರಿಗೂ ‘ಕ್ಯಾನ್ಸಲ್ಡ್’ ಎಂಬ ಸೂಚನೆ ಹೋಗುತ್ತದೆ, ಅದರ ಹಿಂದೆಯೇ ನಿಮ್ಮ ‘ಪೋಸ್ಟ್‌ಪೋನ್ಡ್’ ಸಂದೇಶವೂ ಬಂದರೆ ಅರ್ಧ ಜನ ಫೋನ್ ಮಾಡಿ ಕೇಳುತ್ತಾರೆ.